ತೋಟದಲ್ಲಿ ಕತ್ತಿ ಎಳೆದ ಪೇತ್ರ, ಪತ್ರ ಬರೆದ ಪೇತ್ರ

ಶ್ರಮೆಯ ಕಾಲದ (ಯೇಸುವಿನ ನೋವು, ಮರಣವನ್ನು ನೆನೆಯುವ ದಿನಗಳ) ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ವಂದನೆಗಳು.

ಸಾವಿನ ಮನೆಗೆ ಹೋದಾಗ ನಾವೆಲ್ಲ ಒಂದು ಮಾತು ಹೇಳುತ್ತೇವೆ. "ಏನ್ಮಾಡೋದಮ್ಮ, ಎಲ್ಲಾ ದೇವರ ಚಿತ್ತ." ಹೇಳುವವರಲ್ಲಿ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಏನೂ ತೋಚದೆ ನಿಂತಾಗ ಬಾಯಿಗೆ ಬರುವುದು ಇದೊಂದೇ. ಆದರೆ ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ಈ ಮಾತು ಹೇಗೆ ಕೇಳಿಸುತ್ತದೆ ಯೋಚಿಸಿ. ನನ್ನ ಮಗುವನ್ನು ಕಿತ್ತುಕೊಂಡವನು ದೇವರೇ ಅಂತ ಕೇಳಿಸುತ್ತದೆ. ಬರುವ ಭಾನುವಾರ ಅದೇ ದೇವರ ಮುಂದೆ ಕೂತು ಆಕೆ ಹಾಡಬೇಕು.

ಇವತ್ತು ನನಗೆ ಕೊಟ್ಟ ವಿಷಯದಲ್ಲಿ ಮೂರು ಸಂಗತಿಗಳಿವೆ. ದೇವರ ಚಿತ್ತ, ಕ್ರಿಸ್ತನ ಶ್ರಮೆ, ನಾವು ಸುವಾರ್ತೆ ಹೇಳಬೇಕಾದ ಕರೆ. ಮೂರನ್ನೂ ಬೇರೆ ಬೇರೆ ಉಪನ್ಯಾಸ ಮಾಡಬಹುದಿತ್ತು. ಆದರೆ ಮೊದಲನೆಯದನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳುತ್ತೇವೋ ಮೂರನೆಯದನ್ನು ಹಾಗೆಯೇ ಮಾಡುತ್ತೇವೆ ಅಂತ ನಾನು ನಂಬುತ್ತೇನೆ. ದೇವರು ಬಲವಂತದವನು ಎಂದುಕೊಂಡವರು ಸುವಾರ್ತೆಯನ್ನೂ ಬಲವಂತದಿಂದಲೇ ಹೇಳುತ್ತಾರೆ. ಇದನ್ನು ತೋರಿಸಲು ನನ್ನ ಹತ್ತಿರ ಇರುವ ಸಾಕ್ಷಿ ಒಬ್ಬನೇ ಮನುಷ್ಯ, ಯೇಸುವಿನ ಶಿಷ್ಯ ಪೇತ್ರ. ಅವನ ಹತ್ತಿರ ಬರುವ ಮುಂಚೆ ತೋಟಕ್ಕೆ ಹೋಗೋಣ.

ಯೇಸುವನ್ನು ಹಿಡಿದ ರಾತ್ರಿ ಅದು. ಪಸ್ಕ ಹಬ್ಬದ ಊಟ ಮುಗಿಯಿತು. ಯೇಸುವೂ ಶಿಷ್ಯರೂ ಕೀರ್ತನೆ ಹಾಡಿ ಹೊರಟರು. ಕೆದ್ರೋನ್ ಹಳ್ಳ ದಾಟಿ ಎಣ್ಣೆಮರಗಳ ಗುಡ್ಡದ ಕಡೆ ಬಂದರು. ಗೆತ್ಸೇಮನೆ ತೋಟ ಇರುವುದು ಆ ಗುಡ್ಡದ ಬುಡದಲ್ಲಿ. ಇಲ್ಲಿ ಆ ಜಾಗದ ನಕ್ಷೆ ನಿಮ್ಮ ಕಣ್ಣ ಮುಂದೆ ಇರಲಿ. ತೋಟದಲ್ಲಿ ನಿಂತರೆ ಹಳ್ಳದ ಆಚೆ ಯೆರೂಸಲೇಮಿನ ಗೋಡೆ, ದೇವಾಲಯ. ಬೆನ್ನ ಹಿಂದೆ ಗುಡ್ಡ. ಗುಡ್ಡ ಹತ್ತಿ ಇಳಿದರೆ ಬೇಥಾನ್ಯ, ಮಾರ್ಥ ಮರಿಯರ ಊರು. ಅದರಾಚೆ ಯೂದಾಯದ ಅಡವಿ. ರಾತ್ರಿ ಹೊತ್ತು. ಹಿಡಿಯಲು ಬರುವವರು ಪಂಜು, ದೀಪ ಹಿಡಿದುಕೊಂಡು ಬರುತ್ತಾರೆ, ದೂರದಿಂದಲೇ ಕಾಣುತ್ತಾರೆ. ಓಡಿಹೋಗಬೇಕು ಅಂದಿದ್ದರೆ ದಾರಿ ತೆರೆದೇ ಇತ್ತು.

ಆ ದಾರಿಯಲ್ಲಿ ಮೊದಲು ಒಬ್ಬ ಓಡಿದ್ದ. ರಾಜ ದಾವೀದ. ಮಗ ಅಬ್ಷಾಲೋಮ ತಿರುಗಿ ಬಿದ್ದಾಗ ದಾವೀದ ಇದೇ ಕೆದ್ರೋನ್ ಹಳ್ಳ ದಾಟಿ, ಇದೇ ಗುಡ್ಡವನ್ನು ಬರಿಗಾಲಲ್ಲಿ ಅಳುತ್ತಾ ಹತ್ತಿ ಅಡವಿಯ ಕಡೆ ಹೋದ. ಎರಡನೆಯ ಸಮುವೇಲನ ಹದಿನೈದನೆಯ ಅಧ್ಯಾಯದಲ್ಲಿ ಇದೆ, ಮನೆಗೆ ಹೋಗಿ ಓದಿ. ದಾವೀದನದು ತಪ್ಪು ಅಂತ ನಾನು ಹೇಳುವುದಿಲ್ಲ, ಅವನಿಗೆ ಅದೇ ಸರಿ ಇತ್ತು. ಆದರೆ ದಾವೀದನ ವಂಶದವನು ಎನಿಸಿಕೊಂಡ ಯೇಸು ಅದೇ ಗುಡ್ಡದ ಬುಡದಲ್ಲಿ ನಿಂತುಬಿಟ್ಟ.

ಸುಮ್ನೆ ನಿಲ್ಲಲಿಲ್ಲ. ಇದು ಬಹಳ ಮುಖ್ಯ. ಪೇತ್ರ, ಯಾಕೋಬ, ಯೋಹಾನ ಮೂವರನ್ನು ಹತ್ತಿರ ಕರೆದುಕೊಂಡು, "ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ, ಇಲ್ಲೇ ಎಚ್ಚರವಾಗಿರಿ" ಅಂದ. ಸ್ವಲ್ಪ ಮುಂದೆ ಹೋಗಿ ನೆಲಕ್ಕೆ ಬಿದ್ದ. "ಅಪ್ಪಾ, ನಿನ್ನಿಂದ ಎಲ್ಲಾ ಆಗುತ್ತದೆ. ಈ ಪಾತ್ರೆಯನ್ನು ನನ್ನಿಂದ ತೆಗೆದುಬಿಡು" ಅಂತ ಬೇಡಿಕೊಂಡ. ಪಾತ್ರೆ ಅಂದರೆ ಮುಂದೆ ಬರಲಿದ್ದ ಶ್ರಮೆ, ಸಾವು. ಆಮೇಲೆ, "ಆದರೂ ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ ಆಗಲಿ" ಅಂದ. ಎದ್ದು ಬಂದು ನೋಡಿದ, ಮೂವರೂ ನಿದ್ದೆ ಹೋಗಿದ್ದರು. ಮತ್ತೆ ಹೋದ, ಅದೇ ಮಾತು. ಮತ್ತೆ ಬಂದ, ಅವರು ಮತ್ತೆ ನಿದ್ದೆಯಲ್ಲಿ. ಹೀಗೆ ಮೂರು ಸಲ.

ನಾವು ಪ್ರಾರ್ಥನೆಯಲ್ಲಿ "ನಿನ್ನ ಚಿತ್ತ" ಎಂಬ ಕೊನೆಯ ಸಾಲಿಗೆ ಬೇಗ ಹಾರುತ್ತೇವೆ. ಮೊದಲಿನ ಸಾಲನ್ನು ಹೇಳುವುದು ನಂಬಿಕೆ ಕಡಿಮೆ ಇದ್ದ ಹಾಗೆ ಅನಿಸುತ್ತದೆ. ಯೇಸು ಹಾಗೆ ಮಾಡಲಿಲ್ಲ. ಬೇಡ ಅನ್ನಿಸಿದ್ದನ್ನು ಬೇಡ ಅಂತಲೇ ತಂದೆಗೆ ಹೇಳಿದ. ಇಬ್ರಿಯರಿಗೆ ಬರೆದ ಪತ್ರದಲ್ಲಿ, ಆತನು ಗಟ್ಟಿಯಾಗಿ ಕೂಗುತ್ತಾ ಕಣ್ಣೀರು ಸುರಿಸುತ್ತಾ ಪ್ರಾರ್ಥಿಸಿದ ಎಂದಿದೆ. ಕಾಯಿಲೆ ಬಿದ್ದವರ ಹಾಸಿಗೆ ಪಕ್ಕ ನಿಂತು "ಅಳಬೇಡಿ, ದೇವರ ಚಿತ್ತ ಒಪ್ಪಿಕೊಳ್ಳಿ" ಅನ್ನುವ ನಮ್ಮ ಅಭ್ಯಾಸಕ್ಕೆ ಬೈಬಲಿನಲ್ಲಿ ಜಾಗ ಇಲ್ಲ. ದೇವರ ಮಗನೇ ಅತ್ತಿದ್ದಾನೆ. ಅಳುವವರ ಜೊತೆ ಅಳಿ, ಸಾಕು.

ಈಗ ಕಷ್ಟದ ಪ್ರಶ್ನೆ. ಶಿಲುಬೆ ದೇವರ ಚಿತ್ತವೇ? ಹೌದು ಅಂದರೆ, ತಂದೆ ಮಗನನ್ನು ಹೊಡೆಸಿದ ಹಾಗಾಯಿತಲ್ಲ?

ಪ್ರವಾದಿ ಯೆಶಾಯನ ಗ್ರಂಥದ 53ನೆಯ ಅಧ್ಯಾಯ ನೊಂದ ಸೇವಕನೊಬ್ಬನ ಬಗ್ಗೆ ಹೇಳುತ್ತದೆ, ಅದನ್ನು ನಾವು ಕ್ರಿಸ್ತನ ಬಗ್ಗೆ ಅಂತ ಓದುತ್ತೇವೆ. ಅದರ ಹತ್ತನೆಯ ವಚನ ಓದಿದರೆ ಎದೆ ಝಲ್ಲೆನ್ನುತ್ತದೆ. ಆತನನ್ನು ಜಜ್ಜುವುದು ಯೆಹೋವನ ಚಿತ್ತವಾಗಿತ್ತು ಅನ್ನುತ್ತದೆ ಅದು. ಈ ವಚನವನ್ನು ಮೆತ್ತಗೆ ಮಾಡುವ ಆಸೆ ನನಗಿಲ್ಲ. ಆದರೆ ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಮಾತಿದೆ, ಪಸ್ಕವಾಗಿ ಐವತ್ತನೆಯ ದಿನ ಬರುವ ಪಂಚಾಶತ್ತಮ ಹಬ್ಬದಂದು ಪೇತ್ರ ಯೆರೂಸಲೇಮಿನ ಜನರ ಮುಂದೆ ಆಡಿದ ಮಾತು. ಯೇಸುವನ್ನು ಒಪ್ಪಿಸಿಕೊಟ್ಟದ್ದು ದೇವರು ಮೊದಲೇ ಮಾಡಿದ ಸಂಕಲ್ಪ ಅನ್ನುತ್ತಾನೆ. ಅದೇ ಉಸಿರಿನಲ್ಲಿ, ನೀವು ದುಷ್ಟರ ಕೈಯಿಂದ ಆತನನ್ನು ಕೊಲ್ಲಿಸಿದಿರಿ ಅಂತಲೂ ಅನ್ನುತ್ತಾನೆ. ದೇವರ ಸಂಕಲ್ಪವಾಗಿತ್ತು ಅಂತ ಮಹಾಯಾಜಕ ಕಾಯಫನಿಗೆ ಮಾಫಿ ಇಲ್ಲ, ರೋಮಿನ ಅಧಿಪತಿ ಪಿಲಾತನಿಗೂ ಇಲ್ಲ. ಮೊಳೆ ಹೊಡೆದದ್ದು ಮನುಷ್ಯರ ದ್ವೇಷ, ಮನುಷ್ಯರ ಹೆದರಿಕೆ, ಕುರ್ಚಿ ಉಳಿಸಿಕೊಳ್ಳುವ ಆಸೆ. ದೇವರ ಚಿತ್ತ ಇದ್ದದ್ದು ನಮ್ಮನ್ನು ಉಳಿಸುವುದರಲ್ಲಿ. ಇಂಥ ಲೋಕಕ್ಕೆ ಇಳಿದು ಬಂದು ಕೊನೆಯವರೆಗೂ ಪ್ರೀತಿಸುತ್ತೇನೆ ಅಂದರೆ ಆ ದಾರಿ ಶಿಲುಬೆಯ ಮೇಲೆಯೇ ಹೋಗುತ್ತದೆ. ತಂದೆಗೆ ಅದು ಗೊತ್ತಿತ್ತು. ಮಗನಿಗೂ ಗೊತ್ತಿತ್ತು. "ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ" ಅಂದವನು ಯೇಸುವೇ. ಪೌಲ ಇನ್ನೂ ಮುಂದೆ ಹೋಗುತ್ತಾನೆ. ದೇವರು ಕ್ರಿಸ್ತನೊಳಗಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನ ಮಾಡಿಕೊಂಡನು ಅಂತ ಕೊರಿಂಥದವರಿಗೆ ಬರೆಯುತ್ತಾನೆ. ಹೊಡೆಯುವವನು ತಂದೆ, ಹೊಡೆಸಿಕೊಳ್ಳುವವನು ಮಗ ಅನ್ನುವ ಚಿತ್ರ ಅಲ್ಲಿ ನಿಲ್ಲುವುದಿಲ್ಲ. ನೋವಿನ ಒಳಗೆ ಇಬ್ಬರೂ ಇದ್ದಾರೆ.

ಹಾಗಾದರೆ ಪ್ರತಿ ಸಾವಿಗೂ ಪ್ರತಿ ಅಪಘಾತಕ್ಕೂ ದೇವರ ಚಿತ್ತ ಅನ್ನಬಹುದೇ? ಸಿಲೊವಾಮಿನಲ್ಲಿ ಒಂದು ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ಜಾಸ್ತಿ ಪಾಪಿಗಳು ಎಂದುಕೊಂಡಿರಾ, ಇಲ್ಲ, ಅಂತ ಯೇಸು ಸ್ಪಷ್ಟವಾಗಿ ಹೇಳಿದ. ಹುಟ್ಟು ಕುರುಡನನ್ನು ನೋಡಿ ಯಾರ ಪಾಪ ಅಂತ ಶಿಷ್ಯರು ಕೇಳಿದಾಗಲೂ ಆ ಲೆಕ್ಕಾಚಾರಕ್ಕೆ ಒಪ್ಪಲಿಲ್ಲ. ದೇವರ ಚಿತ್ತದ ಬಗ್ಗೆ ಆತ ಬಾಯಿಬಿಟ್ಟು ಹೇಳಿದ್ದು ಏನು ಗೊತ್ತಾ? ಈ ಚಿಕ್ಕವರಲ್ಲಿ ಒಬ್ಬನಾದರೂ ಹಾಳಾಗುವುದು ಪರಲೋಕದ ತಂದೆಯ ಚಿತ್ತವಲ್ಲ. ಮತ್ತಾಯ 18ನೆಯ ಅಧ್ಯಾಯ, 14ನೆಯ ವಚನ. ಸಾವಿನ ಮನೆಯಲ್ಲಿ ಏನಾದರೂ ಹೇಳಲೇಬೇಕು ಅಂದರೆ ಇದನ್ನು ಹೇಳಿ.

ಈಗ ಪೇತ್ರನ ಹತ್ತಿರ ಬರುತ್ತೇನೆ.

ಪೇತ್ರನಿಗೆ ಶ್ರಮೆ ಪಡುವ ಕ್ರಿಸ್ತ ಬೇಕಾಗಿರಲಿಲ್ಲ. ಫಿಲಿಪ್ಪನ ಕೈಸರೈಯದಲ್ಲಿ, "ನೀನು ಕ್ರಿಸ್ತನು" ಅಂತ ಎಲ್ಲರಿಗಿಂತ ಮೊದಲು ಹೇಳಿದವನು ಅವನೇ. ಆದರೆ ಯೇಸು ತಾನು ಕೊಲ್ಲಲ್ಪಡುತ್ತೇನೆ ಅಂದ ಕೂಡಲೇ ಪಕ್ಕಕ್ಕೆ ಕರೆದು ಗದರಿಸಿದ. "ಇದು ನಿನಗೆ ಎಂದಿಗೂ ಆಗಬಾರದು." ಪ್ರೀತಿಯಿಂದಲೇ ಹೇಳಿದ ಮಾತು. ಅದಕ್ಕೆ ಬಂದ ಉತ್ತರ, "ಸೈತಾನನೇ, ನನ್ನ ಹಿಂದೆ ಹೋಗು." ಸುವಾರ್ತೆಗಳಲ್ಲಿ ಶಿಷ್ಯನೊಬ್ಬನಿಗೆ ಬಿದ್ದ ಇಷ್ಟು ಕಠಿಣ ಮಾತು ಇನ್ನೊಂದಿಲ್ಲ. ದೇವರ ಮಗ ಅಂದರೆ ಗೆಲ್ಲಬೇಕು, ಸೋಲಬಾರದು, ಇದು ಪೇತ್ರನ ತಲೆಯಲ್ಲಿ ಕೂತಿತ್ತು. ಯೇಸು ತೋಟದಲ್ಲಿ ಬೆವರು ಸುರಿಸುತ್ತಾ ತಂದೆಯ ಚಿತ್ತದ ಜೊತೆ ಹೋರಾಡುವಾಗ ಪೇತ್ರ ನಿದ್ದೆ ಮಾಡುತ್ತಿದ್ದ. ಎಚ್ಚರ ಆದ ಕೂಡಲೇ ಏನು ಮಾಡಿದ? ಕತ್ತಿ ಎಳೆದ. ಮಹಾಯಾಜಕನ ಆಳು ಮಲ್ಕ ಎಂಬವನ ಬಲಗಿವಿ ಕತ್ತರಿಸಿದ.

ಪ್ರಾರ್ಥನೆ ಮಾಡದೆ ನಿದ್ದೆಯಿಂದ ನೇರವಾಗಿ ಕೆಲಸಕ್ಕೆ ಎದ್ದವನು ಹೀಗೇ ಮಾಡುತ್ತಾನೆ. ಕಿವಿ ಕತ್ತರಿಸಿದ ಮೇಲೆ ಸುವಾರ್ತೆ ಕೇಳುವುದಕ್ಕೆ ಯಾರು ಉಳಿದರು? ಯೇಸು ಬಂಧಿತನಾಗುವ ಹೊತ್ತಿನಲ್ಲೂ ಆ ಕಿವಿಯನ್ನು ಮುಟ್ಟಿ ವಾಸಿ ಮಾಡಿದ ಅಂತ ಲೂಕ ಬರೆಯುತ್ತಾನೆ. ಸಾಯುವ ಮುಂಚೆ ಆತ ಮಾಡಿದ ಕೊನೆಯ ವಾಸಿ ಅದು. ತನ್ನನ್ನು ಹಿಡಿಯಲು ಬಂದವನಿಗೆ, ತನ್ನ ಶಿಷ್ಯನೇ ಮಾಡಿದ ಗಾಯಕ್ಕೆ.

ಕತ್ತಿ ಅಂದರೆ ಕಬ್ಬಿಣದ್ದೇ ಆಗಬೇಕಿಲ್ಲ. ಬೇರೆಯವರ ದೇವರನ್ನು, ಅವರ ಹಬ್ಬವನ್ನು, ಅವರ ತಾಯಿ ತಂದೆಯ ಭಕ್ತಿಯನ್ನು ಮೈಕಿನಲ್ಲಿ ಹೀಯಾಳಿಸುವುದೂ ಕತ್ತಿಯೇ. ಕಾಯಿಲೆಯವರ ಹೆದರಿಕೆಯನ್ನು ಬಳಸಿಕೊಳ್ಳುವುದು, ನಂಬಿದರೆ ಸಾಲ ತೀರುತ್ತದೆ ಅಂತ ಆಸೆ ತೋರಿಸುವುದು, ಎಲ್ಲವೂ ಅದೇ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ ಹೇಳಿತು. ಆ ತೀರ್ಪಿನ ಬಗ್ಗೆ ಕಾನೂನು ಬಲ್ಲವರಲ್ಲಿ ಚರ್ಚೆ ಇದೆ. ನಾನು ಹೇಳುವುದು ನಂಬಿಕೆಯ ಕಡೆಯಿಂದ. ಇನ್ನೊಬ್ಬರ ಹೃದಯ ತಿರುಗಿಸುವ ಕೆಲಸ ಮೊದಲಿನಿಂದಲೂ ನಮ್ಮದಲ್ಲ, ಪವಿತ್ರಾತ್ಮನದು. ನಮಗೆ ಕೊಟ್ಟಿರುವುದು ಸಾಕ್ಷಿ ಹೇಳುವ ಕೆಲಸ.

ಸಾಕ್ಷಿ ಹೇಳುವುದು ಹೇಗೆ ಅನ್ನುವುದಕ್ಕೆ ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಯೇಸುವನ್ನು ನಂಬಿದ ಸ್ತೆಫನನನ್ನು ಕಲ್ಲೆಸೆದು ಕೊಂದ ಮೇಲೆ ಯೆರೂಸಲೇಮಿನ ಸಭೆಗೆ ದೊಡ್ಡ ಹಿಂಸೆ ಬಂತು. ಜನ ಚದರಿಹೋದರು. ಚದರಿದವರು ಹೋದ ಕಡೆಯಲ್ಲೆಲ್ಲ ವಾಕ್ಯ ಹೇಳಿದರು. ಅವರಲ್ಲಿ ಫಿಲಿಪ್ಪನೂ ಒಬ್ಬ. ಯೆರೂಸಲೇಮಿನಿಂದ ಗಾಜಾಕ್ಕೆ ಹೋಗುವ ಅಡವಿ ದಾರಿಯಲ್ಲಿ ಒಂದು ರಥ ಹೋಗುತ್ತಿತ್ತು. ಒಳಗೆ ಐಥಿಯೋಪ್ಯದ ಕಂಚುಕಿ, ಅಂದರೆ ಅರಮನೆಯ ಸೇವೆಯಲ್ಲಿದ್ದ ನಪುಂಸಕ, ರಾಣಿ ಕಂದಾಕೆಯ ಖಜಾನೆ ನೋಡಿಕೊಳ್ಳುವ ದೊಡ್ಡ ಅಧಿಕಾರಿ. ಯೆಶಾಯನ ಗ್ರಂಥ ಓದುತ್ತಿದ್ದ, ಅದೇ 53ನೆಯ ಅಧ್ಯಾಯ. ಕೊಯ್ಯುವುದಕ್ಕೆ ಒಯ್ದ ಕುರಿಯಂತೆ, ಬಾಯಿ ತೆರೆಯದೆ ಹೋದವನ ಸಾಲು.

ಫಿಲಿಪ್ಪ ಓಡಿ ಹತ್ತಿರ ಹೋದ. ಮೊದಲು ಕೇಳಿಸಿಕೊಂಡ. ಆಮೇಲೆ ಒಂದು ಪ್ರಶ್ನೆ ಕೇಳಿದ, "ಓದುತ್ತಿರುವುದು ನಿಮಗೆ ಅರ್ಥವಾಗುತ್ತಾ?" "ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ಅರ್ಥವಾದೀತು" ಅಂತ ಕಂಚುಕಿ ರಥ ಹತ್ತಿಸಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡ. ಕರೆದದ್ದು ಕಂಚುಕಿ. "ಪ್ರವಾದಿ ಇದನ್ನು ಯಾರ ಬಗ್ಗೆ ಹೇಳಿದ್ದು, ತನ್ನ ಬಗ್ಗೆಯೋ ಬೇರೆಯವರ ಬಗ್ಗೆಯೋ?" ಅಂತ ಕೇಳಿದ್ದೂ ಅವನೇ. ಫಿಲಿಪ್ಪ ಅದೇ ವಚನದಿಂದ ಶುರು ಮಾಡಿ ಯೇಸುವಿನ ಸುವಾರ್ತೆ ಹೇಳಿದ. ನೀರು ಕಂಡಾಗ ದೀಕ್ಷಾಸ್ನಾನ ಬೇಕು ಅಂದದ್ದು ಮತ್ತೆ ಕಂಚುಕಿಯೇ. ಆಮೇಲೆ ಫಿಲಿಪ್ಪ ಅವನ ಕಣ್ಣಿಗೆ ಬೀಳಲಿಲ್ಲ. ಅವನು ಸಂತೋಷವಾಗಿ ತನ್ನ ದಾರಿ ಹಿಡಿದು ಹೋದ.

ಇಡೀ ಕಥೆಯಲ್ಲಿ ನನ್ನ ಮನಸ್ಸು ಹಿಡಿದಿಡುವುದು ಒಂದು ಸಂಗತಿ. ಕಂಚುಕಿಗಳನ್ನು ದೇವರ ಸಭೆಯೊಳಗೆ ಸೇರಿಸಬಾರದು ಅಂತ ಧರ್ಮೋಪದೇಶಕಾಂಡದಲ್ಲಿ ಇತ್ತು. ಈ ಮನುಷ್ಯ ಅಷ್ಟು ದೂರದಿಂದ ಆರಾಧನೆಗೆ ಬಂದಿದ್ದ. ಅವನ ಕಣ್ಣು ನಿಂತದ್ದು ಅವಮಾನಪಟ್ಟ, ಸಂತತಿ ಇಲ್ಲದೆ ಭೂಮಿಯಿಂದ ತೆಗೆಯಲ್ಪಟ್ಟ ಒಬ್ಬ ಸೇವಕನ ಮೇಲೆ. ಗೆಲ್ಲುವ ಕ್ರಿಸ್ತನ ಕಥೆ ಹೇಳಿದ್ದರೆ ಅವನಿಗೆ ಏನು ದಕ್ಕುತ್ತಿತ್ತೋ ನಾನರಿಯೆ. ನೊಂದ ಕ್ರಿಸ್ತ ಅವನಿಗೆ ತನ್ನವನಾಗಿ ಕಂಡ.

ನಮ್ಮ ನಾಡಿನ ಮಾತಿಗೆ ಬಂದರೆ, 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಮೂವರು ಸುವಾರ್ತೆಯವರು ಮಂಗಳೂರಿಗೆ ಬಂದರು. ಅವರ ಬಗ್ಗೆ ಬರೀ ಹೊಗಳಿಕೆ ಹೇಳಲು ನಾನು ಸಿದ್ಧನಿಲ್ಲ. ಇಲ್ಲಿಯ ಜನರ ನಂಬಿಕೆಗಳ ಬಗ್ಗೆ ಅವರಲ್ಲಿ ಕೆಲವರು ಬರೆದ ಮಾತುಗಳು ಇವತ್ತು ಓದಿದರೂ ಚುಚ್ಚುತ್ತವೆ. ಆದರೆ ಎರಡು ಸಂಗತಿ ಮರೆಯಬಾರದು. ನಂಬಿದವರು ಮನೆ, ಜಾತಿ, ಆಸ್ತಿಯ ಪಾಲು, ಕಸುಬು ಎಲ್ಲವನ್ನೂ ಕಳೆದುಕೊಂಡರು. ಆ ನಷ್ಟ ನಿಮ್ಮದು ಅಂತ ಮಿಷನ್ನು ಕೈತೊಳೆದುಕೊಳ್ಳಲಿಲ್ಲ. ನೇಯ್ಗೆ ಶುರುವಾಯಿತು, ಅಚ್ಚುಕೂಟ ನಡೆಯಿತು, 1865ರಲ್ಲಿ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಅಂತ ನಾವು ಹೇಳುವುದರ ಹಿಂದೆ ಈ ಕಥೆ ಇದೆ. ಸುವಾರ್ತೆ ಹೇಳಿದವನಿಗೆ ಕೇಳಿದವನ ಊಟದ ಚಿಂತೆಯೂ ಇರಬೇಕು ಅಂತ ಅವರಿಗೆ ಗೊತ್ತಿತ್ತು.

ಎರಡನೆಯದು ಭಾಷೆ. ಅದೇ ಮಿಷನ್ನಿನ ಕಿಟೆಲ್ ಅವರ ಕನ್ನಡ ನಿಘಂಟು ಎಲ್ಲರಿಗೂ ಗೊತ್ತು, 1894ರದು. ಅದಕ್ಕೂ ಎಷ್ಟೋ ಮುಂಚೆ, 1862ರಲ್ಲಿ, ಅವರು ಯೇಸುವಿನ ಜೀವನವನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಹಾಡಿ 'ಕಥಾಮಾಲೆ' ಅಂತ ತಂದರು. ಈ ನೆಲದ ಜನ ಭಕ್ತಿಯ ಕಥೆ ಕೇಳುವುದು ಯಾವ ಧಾಟಿಯಲ್ಲಿ ಅಂತ ಮೊದಲು ಕಿವಿಗೊಟ್ಟು ಕಲಿತರು. ಫಿಲಿಪ್ಪ ರಥದ ಪಕ್ಕ ಮಾಡಿದ್ದೂ ಅದನ್ನೇ ಅಲ್ವಾ?

ಇನ್ನೊಂದು ಹೆಸರು ಹೇಳದೆ ಈ ವಿಷಯ ಮುಗಿಸಲು ನನಗೆ ಮನಸ್ಸಿಲ್ಲ. ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯಾದವರು. 1965ರಲ್ಲಿ ಒಡಿಶಾಕ್ಕೆ ಬಂದು ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದರು. 1999ರ ಜನವರಿಯಲ್ಲಿ ಮನೋಹರಪುರ ಎಂಬ ಹಳ್ಳಿಯಲ್ಲಿ, ಗಾಡಿಯಲ್ಲಿ ಮಲಗಿದ್ದ ಅವರನ್ನೂ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ ಇಬ್ಬರು ಗಂಡುಮಕ್ಕಳನ್ನೂ ಗುಂಪೊಂದು ಸುಟ್ಟು ಕೊಂದಿತು. ಇದು ದೇವರ ಚಿತ್ತ ಅಂತ ನಾನು ಹೇಳುವುದಿಲ್ಲ. ಯಾರಾದರೂ ಹೇಳಿದರೆ ಒಪ್ಪುವುದೂ ಇಲ್ಲ. ಅದು ಕೊಲೆ. ಈ ಚಿಕ್ಕವರಲ್ಲಿ ಒಬ್ಬನಾದರೂ ಹಾಳಾಗುವುದು ತಂದೆಯ ಚಿತ್ತವಲ್ಲ.

ಆದರೆ ಅವರ ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂತ ಎಲ್ಲರ ಮುಂದೆ ಹೇಳಿದರು. ಮಗಳೊಬ್ಬಳು ಉಳಿದಿದ್ದಳು. ಅವಳನ್ನು ಕರೆದುಕೊಂಡು ಊರಿಗೆ ಹೋಗಿಬಿಡಬಹುದಿತ್ತು, ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ಇನ್ನೂ ಕೆಲವು ವರ್ಷ ಅಲ್ಲೇ ಇದ್ದು ಕುಷ್ಠರೋಗಿಗಳನ್ನು ನೋಡಿಕೊಂಡರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಓಡುವ ದಾರಿ ತೆರೆದಿದ್ದಾಗ ನಿಂತುಕೊಳ್ಳುವುದು ಅಂದರೆ ಇದು. ಕ್ರೈಸ್ತರ ಬಗ್ಗೆ ಅನುಮಾನ ಇದ್ದ ಎಷ್ಟೋ ಜನ ಆ ಹೆಣ್ಣುಮಗಳ ಮಾತು ಕೇಳಿ ತಲೆತಗ್ಗಿಸಿದರು. ಒಂದು ಕರಪತ್ರವನ್ನೂ ಹಂಚದೆ ಅವರು ಹೇಳಿದ ಸುವಾರ್ತೆ ದೇಶಕ್ಕೆಲ್ಲ ಕೇಳಿಸಿತು.

ಪೇತ್ರನೂ ಕೊನೆಗೆ ಇದನ್ನು ಕಲಿತ. ಯೇಸುವನ್ನು ಹಿಡಿದ ರಾತ್ರಿ ಬೆಂಕಿ ಕಾಯಿಸುತ್ತಾ ಮೂರು ಸಲ "ಆತನನ್ನು ಅರಿಯೆ" ಅಂದವನಿಗೆ, ಗಲಿಲಾಯ ಸರೋವರದ ದಡದಲ್ಲಿ ಮೂರು ಸಲ ಯೇಸುವಿನಿಂದ ಒಂದೇ ಪ್ರಶ್ನೆ ಬಂತು, "ನನ್ನನ್ನು ಪ್ರೀತಿಸುತ್ತೀಯಾ?" ವರ್ಷಗಳು ಕಳೆದ ಮೇಲೆ ಪೇತ್ರನ ಹೆಸರಿನ ಮೊದಲನೆಯ ಪತ್ರ ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದರಿದ್ದ ವಿಶ್ವಾಸಿಗಳಿಗೆ ಹೋಯಿತು. ಇವತ್ತಿನ ತುರ್ಕಿ ದೇಶದ ಜಾಗಗಳು ಅವು. ಅವರಿಗೂ ಕಷ್ಟ ಇತ್ತು, ಬೈಗುಳ ಇತ್ತು. ಪತ್ರದ ಎರಡನೆಯ ಅಧ್ಯಾಯ ಓದಿ, ಅಲ್ಲಿ ಯೆಶಾಯ 53 ತುಂಬಿಕೊಂಡಿದೆ. ಬೈದವರನ್ನು ತಿರುಗಿ ಬೈಯಲಿಲ್ಲ, ಶ್ರಮೆಪಟ್ಟಾಗ ಬೆದರಿಸಲಿಲ್ಲ. ತೋಟದಲ್ಲಿ ಮಲಗಿದ್ದವನು ಈಗ ಕಣ್ಣು ತೆರೆದು ಬರೆಯುತ್ತಿದ್ದಾನೆ.

ಮೂರನೆಯ ಅಧ್ಯಾಯದ ಹದಿನೈದನೆಯ ವಚನದಲ್ಲಿ ಸುವಾರ್ತೆ ಹೇಳುವ ಬಗ್ಗೆ ಅವನ ಮಾತಿದೆ. ನಿಮ್ಮೊಳಗಿರುವ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧವಾಗಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ ಕೊಡಿ. ಇದೇ ಕೈ ಮಲ್ಕನ ಕಿವಿ ಕತ್ತರಿಸಿದ್ದು. ಅದೇ ಪತ್ರದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಕಳ್ಳನಾಗಿ, ಕೇಡು ಮಾಡುವವನಾಗಿ, ಪರರ ಕೆಲಸದಲ್ಲಿ ತಲೆಹಾಕುವವನಾಗಿ ಯಾರೂ ಬಾಧೆಪಡಬೇಡಿ ಅನ್ನುತ್ತಾನೆ. ನಾವು ಪಡುವ ಎಲ್ಲ ಕಷ್ಟವೂ ಶಿಲುಬೆಯಲ್ಲ. ಕೆಲವನ್ನು ನಮ್ಮ ನಾಲಗೆಯೇ ತಂದುಕೊಂಡಿರುತ್ತದೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ನಮ್ಮ ಆಫೀಸಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಹಾಗಾದರೆ ನಾವು ಸುಮ್ಮನಿರಬೇಕಾ?"

ಒಳ್ಳೆಯ ಪ್ರಶ್ನೆಯಮ್ಮ ಅಂದೆ. ಅಡಗಿಸಿಕೊಳ್ಳಬೇಡ. ಭಾನುವಾರ ಏನು ಮಾಡಿದೆ ಅಂತ ಕೇಳಿದರೆ ಆರಾಧನೆಗೆ ಹೋಗಿದ್ದೆ ಅಂತ ಹೇಳು. ಪಕ್ಕದ ಮೇಜಿನವರ ಮನೆಯಲ್ಲಿ ಕಾಯಿಲೆ ಇದ್ದರೆ ಹೋಗಿ ನೋಡು, ಪ್ರಾರ್ಥಿಸಲಾ ಅಂತ ಕೇಳು. ಬೇಡ ಅಂದರೆ ಬೇಡ. ಅಲ್ಲಿಗೆ ನಿಲ್ಲಿಸು, ಆದರೆ ಹೋಗುವುದನ್ನು ನಿಲ್ಲಿಸಬೇಡ. ಅವರ ನಂಬಿಕೆಯ ಬಗ್ಗೆ ನೀನೂ ಕೇಳು, ನಿಜವಾಗಿ ತಿಳಿಯುವ ಆಸೆಯಿಂದ ಕೇಳು. ನಿನಗೆ ಕಷ್ಟ ಬಂದಾಗ ಗಟ್ಟಿಯಾಗಿರುವ ಹಾಗೆ ನಟಿಸಬೇಡ. ತೋಟದಲ್ಲಿ ಅತ್ತ ಕರ್ತನ ಶಿಷ್ಯೆ ನೀನು. ಅತ್ತ ಮೇಲೂ ನಿನ್ನೊಳಗೆ ನಿರೀಕ್ಷೆ ಉಳಿದಿರುವುದನ್ನು ಅವರು ಒಂದು ದಿನ ನೋಡುತ್ತಾರೆ. ಆಗ ಕೇಳಬಹುದು.

ಈ ವಾರ ಎಲ್ಲರಿಗೂ ಒಂದು ಕೆಲಸ ಹೇಳುತ್ತೇನೆ. ಮಾರ್ಕನ ಸುವಾರ್ತೆಯ 14, 15, 16ನೆಯ ಅಧ್ಯಾಯಗಳನ್ನು ಒಂದೇ ಸಲ ಕೂತು ಗಟ್ಟಿಯಾಗಿ ಓದಿ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮನೆಯವರ ಜೊತೆ ಓದಿದರೆ ಇನ್ನೂ ಒಳ್ಳೆಯದು. ಯಾರಾದರೂ ನಿಮ್ಮ ನಂಬಿಕೆಯ ಬಗ್ಗೆ ಕೇಳಿದರೆ ನೀವು ಭಾಷಣ ಮಾಡಬೇಕಾಗಿಲ್ಲ. ಅವರಿಗೆ ಇಷ್ಟವಿದ್ದರೆ ಆ ಮೂರು ಅಧ್ಯಾಯ ಅವರ ಪಕ್ಕ ಕೂತು ಓದಿ, ಅವರು ಕೇಳುವ ಪ್ರಶ್ನೆಯಿಂದ ಶುರು ಮಾಡಿ.